ಪ್ಲಂಬರ್ ಮಗನ ಹಣೆಗಣ್ಣು

ಲಂಡನ್ನಿನ ಪ್ರಕಾಶಕ ಫ್ರೆಡ್ರಿಕ್ ವಾರ್ಬರ್ಗ್ ಸುಲಭಕ್ಕೆ ಟೋಪಿ ಹಾಕಿಸಿಕೊಳ್ಳುವ ಆಸಾಮಿಯಲ್ಲ. ಬೇರೆ ಪ್ರಕಾಶಕರು ಕೈಹಚ್ಚಲು ಅಂಜಿದ್ದ ಜಾರ್ಜ್ ಆರ್ವೆಲ್ಲನ 'ಅನಿಮಲ್ ಫಾರ್ಮ್' ಕಾದಂಬರಿಯನ್ನು ಧೈರ್ಯಮಾಡಿ ಅಚ್ಚು ಹಾಕಿಸಿದವನು. 1950ರ ದಶಕದ ನಡುವಿನಲ್ಲಿ ಅವನ ಬಳಿಗೆ ಒಂದು ಆತ್ಮಕತೆಯ ಹಸ್ತಪ್ರತಿ ಬಂತು. ಬರೆದವನು ತಲೆ ಬೋಳಿಸಿ ಗಡ್ಡ ಬಿಟ್ಟಿದ್ದ ಒಬ್ಬ ಮಹಾಶಯ. ಹೆಸರು ಲೋಬ್ಸಾಂಗ್ ರಾಂಪಾ, ಊರು ಲಾಸಾ, ಕಸುಬು ಲಾಮಾ. ವಾರ್ಬರ್ಗ್ ಅದನ್ನು ಟಿಬೆಟ್ ಬಲ್ಲ ಹಲವರಿಗೆ ಕಳಿಸಿ ಅಭಿಪ್ರಾಯ ಕೇಳಿದ. ಹೆಚ್ಚಿನವರು ಇದು ಕಟ್ಟುಕತೆ ಎಂದೇ ಹೇಳಿದರು. ಆಗ ಅವನೊಂದು ಉಪಾಯ ಹೂಡಿದ. ಟಿಬೆಟಿ ಭಾಷೆಯ ಒಂದೇ ಒಂದು ವಾಕ್ಯವನ್ನು ಉರುಹೊಡೆದು ಇಟ್ಟುಕೊಂಡು, ರಾಂಪಾ ಕಚೇರಿಗೆ ಬಂದಾಗ ಅದನ್ನು ಪ್ರಯೋಗಿಸಿದ. ಪ್ರಯಾಣ ಸುಖವಾಗಿತ್ತೇ ಎನ್ನುವಷ್ಟೇ ಅದರ ಅರ್ಥ. ಲಾಮಾ ಮಿಕಿಮಿಕಿ ನೋಡಿದ. ಅದು ನಿಮ್ಮದೇ ಭಾಷೆಯಲ್ಲವೇ ಎಂದದ್ದೇ ತಡ, ನೆಲಕ್ಕೆ ಬಿದ್ದು ಸಂಕಟದಿಂದ ಒದ್ದಾಡಿಬಿಟ್ಟ. ಸುಧಾರಿಸಿಕೊಂಡ ಮೇಲೆ ವಿವರಣೆಯೂ ಬಂತು. ಯುದ್ಧಕಾಲದಲ್ಲಿ ಜಪಾನೀಯರು ಸೆರೆಹಿಡಿದು ಚಿತ್ರಹಿಂಸೆ ಕೊಡುವಾಗ, ದೇಶದ ಗುಟ್ಟು ಎಲ್ಲಿ ಬಾಯಿಂದ ಹೊರಬೀಳುವುದೋ ಎಂದು ತನ್ನನ್ನು ತಾನೇ ಸಮ್ಮೋಹನಕ್ಕೆ ಒಳಪಡಿಸಿಕೊಂಡು ಮಾತೃಭಾಷೆಯನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದನಂತೆ.

ಪರೀಕ್ಷೆಯಲ್ಲಿ ನಪಾಸಾದ ಹುಡುಗರು ಹೇಳುವ ಕಾರಣಗಳನ್ನು ನಾನೂ ಬಹಳ ಕೇಳಿದ್ದೇನೆ. ಇಷ್ಟು ಸೊಗಸಾದದ್ದನ್ನು ಕೇಳಿಲ್ಲ. ವಾರ್ಬರ್ಗ್‌ಗೂ ಹಾಗೇ ಅನಿಸಿರಬೇಕು. ಇದರ ಸತ್ಯಾಸತ್ಯತೆಗೆ ಲೇಖಕರೇ ಹೊಣೆ ಎಂಬ ಅರ್ಥದ ಮಾತೊಂದನ್ನು ಮೊದಲ ಪುಟಗಳಲ್ಲಿ ಸೇರಿಸಿ, 1956ರಲ್ಲಿ 'ದಿ ಥರ್ಡ್ ಐ' ಪುಸ್ತಕವನ್ನು ಹೊರತಂದ. ಒಂದೂವರೆ ವರ್ಷದಲ್ಲಿ ಮೂರು ಲಕ್ಷ ಪ್ರತಿಗಳು ಖರ್ಚಾದವು.

ಖರ್ಚಾಗದೆ ಏನು? ಏಳು ವರ್ಷದ ಹುಡುಗ ಮನೆ ಬಿಟ್ಟು ಮಠ ಸೇರುತ್ತಾನೆ. ಅವನ ಹಣೆಯ ಮೂಳೆಗೆ ತೂತು ಕೊರೆದು, ಅದರೊಳಗೆ ಮರದ ಚಕ್ಕೆಯೊಂದನ್ನು ಇಳಿಸಿ, ಹಣೆಗಣ್ಣು ತೆರೆಸುತ್ತಾರೆ. ಅಲ್ಲಿಂದ ಮುಂದೆ ಎದುರಿಗಿರುವ ಮನುಷ್ಯನ ಮೈಸುತ್ತಲಿನ ಪ್ರಭೆ ಅವನಿಗೆ ಕಾಣತೊಡಗುತ್ತದೆ. ಯಾರು ಕಪಟಿ, ಯಾರು ರೋಗಿ ಎಂಬುದು ಬಣ್ಣದಲ್ಲೇ ಗೊತ್ತಾಗುತ್ತದೆ. ಲಾಮಾಗಳು ಆಳೆತ್ತರಕ್ಕೂ ಮಿಗಿಲಾದ ಗಾಳಿಪಟ ಕಟ್ಟಿಕೊಂಡು ಹಾರುತ್ತಾರೆ. ಹಿಮಮಾನವ ಸಿಗುತ್ತಾನೆ. ನಡುವೆ ಅಡುಗೆ, ಚಳಿ, ಗುರುಗಳ ಪೆಟ್ಟು, ಹುಡುಗರ ಕೀಟಲೆ ಎಲ್ಲವೂ ಇದೆ. ಮಠದ ಬದುಕಿನ ಈ ಚಿಲ್ಲರೆ ವಿವರಗಳಿಂದಲೇ ದೊಡ್ಡ ಸುಳ್ಳುಗಳಿಗೆ ಕೈಕಾಲು ಬಂದಿದೆ. ಬುರುಡೆ ಕೊರೆದ ಕತೆಯೇ ಬುರುಡೆ ಎಂದು ಓದುವಾಗ ಹೊಳೆಯುವುದಿಲ್ಲ.

ಟಿಬೆಟ್ ಬಲ್ಲವರಿಗೆ ಮಾತ್ರ ಮೈಯೆಲ್ಲ ಉರಿಯಿತು. ಅವರಲ್ಲಿ ಕೆಲವರು ಸೇರಿ ಲಿವರ್‌ಪೂಲ್‌ನ ಒಬ್ಬ ಖಾಸಗಿ ಪತ್ತೇದಾರನನ್ನು ಹಿಡಿದರು. 1958ರಲ್ಲಿ ಅವನು ತಂದ ವರದಿಯ ಪ್ರಕಾರ ರಾಂಪಾ ಹುಟ್ಟಿದ್ದು ಲಾಸಾದಲ್ಲಲ್ಲ, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪ್ಲಿಂಪ್ಟನ್ ಎಂಬ ಊರಿನಲ್ಲಿ. ಹೆಸರು ಸಿರಿಲ್ ಹಾಸ್ಕಿನ್. ತಂದೆ ಪ್ಲಂಬರ್. ಮಗ ಟಿಬೆಟಿಗೆ ಹೋಗುವುದು ಹಾಗಿರಲಿ, ಅವನಿಗೊಂದು ಪಾಸ್‌ಪೋರ್ಟ್ ಕೂಡ ಇರಲಿಲ್ಲ. ಪತ್ರಿಕೆಗಳು ಹಬ್ಬ ಮಾಡಿದವು. ಸುದ್ದಿಗೆ ಒಗ್ಗರಣೆ ಬೀಳಲೆಂದು ಅಪ್ಪನ ಕಸುಬನ್ನು ಮಗನಿಗೇ ಅಂಟಿಸಿ 'ಪ್ಲಂಬರ್ ಲಾಮಾ' ಮಾಡಿಬಿಟ್ಟವು.

ಇಂಥ ಸ್ಥಿತಿಯಲ್ಲಿ ನಾವು ನೀವಾಗಿದ್ದರೆ ಊರು ಬಿಡುತ್ತಿದ್ದೆವು. ಅವನೂ ಬಿಟ್ಟ ಅನ್ನಿ. ಐರ್ಲೆಂಡ್ ಆಗಲೇ ಸೇರಿಯಾಗಿತ್ತು, ಆಮೇಲೆ ಕೆನಡಾ. ಆದರೆ ಬರೆಯುವುದನ್ನು ಬಿಡಲಿಲ್ಲ. 1960ರಲ್ಲಿ 'ದಿ ರಾಂಪಾ ಸ್ಟೋರಿ' ಬರೆದು ಸಮಜಾಯಿಷಿ ಕೊಟ್ಟ. ತಾನು ಹಾಸ್ಕಿನ್ ಹೌದು, ಅಲ್ಲ ಎಂದವರು ಯಾರು? 1949ರಲ್ಲಿ ಒಂದು ದಿನ ಗೂಬೆಯ ಫೋಟೋ ತೆಗೆಯಲು ಮರ ಹತ್ತಿ, ಕೊಂಬೆ ಮುರಿದು ಬಿದ್ದು, ಪ್ರಜ್ಞೆ ತಪ್ಪಿದಾಗ ಕಾವಿಯುಟ್ಟ ಲಾಮಾ ಒಬ್ಬರು ಕಾಣಿಸಿಕೊಂಡರು. ಅವರ ಹಳೆಯ ದೇಹ ಜರ್ಜರಿತವಾಗಿತ್ತು. ನಿನ್ನ ದೇಹ ಕೊಡುತ್ತೀಯಾ ಎಂದು ಕೇಳಿದರು. ಹಾಸ್ಕಿನ್‌ಗೂ ಬಾಳು ಸಾಕಾಗಿತ್ತು. ಕೊಟ್ಟುಬಿಟ್ಟ. ಅಂದಿನಿಂದ ಈ ಮೈ ಇಂಗ್ಲಿಷಿನವನದು, ಒಳಗಿರುವವರು ಲಾಮಾ. ಪಾಪದ ಗೂಬೆಯ ಮೇಲೆ ಇಷ್ಟು ದೊಡ್ಡ ಗೂಬೆಯನ್ನು ಕೂರಿಸಿದವರು ಲೋಕದಲ್ಲಿ ಇನ್ನೊಬ್ಬರಿರಲಾರರು.

ಇಂಗ್ಲಿಷರು ನಕ್ಕರು. ನಮ್ಮವರಿಗೆ ಅಷ್ಟೊಂದು ನಗು ಬರಲಿಲ್ಲವೆಂದು ಕಾಣುತ್ತದೆ. ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಕತೆಯನ್ನು ಚಿಕ್ಕಂದಿನಿಂದ ಕೇಳಿದ ನಾಡಿನಲ್ಲಿ ಪರಕಾಯ ಪ್ರವೇಶವೆಂದರೆ ಬಾಡಿಗೆ ಮನೆ ಬದಲಾಯಿಸಿದ ಹಾಗೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳಲ್ಲಿ ರಾಂಪಾನ ಪೇಪರ್‌ಬ್ಯಾಕುಗಳು ಬಹಳ ಕಾಲ ಸಿಗುತ್ತಿದ್ದವು. ಅಂಥದ್ದೊಂದು ನಮ್ಮ ಸೋದರಮಾವನ ಕೈಗೆ ಸಿಕ್ಕಿತು.

ಮಾವ ಶಿವಮೊಗ್ಗದಲ್ಲಿ ಅಂಚೆ ಇಲಾಖೆಯಲ್ಲಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಹಾರುತ್ತಿತ್ತು. ತಟ್ಟೆ ಸ್ಟೀಲಿನದು, ಆದ್ದರಿಂದ ಉಳಿದದ್ದು. ರಾಂಪಾ ಮನೆಗೆ ಬಂದ ಮೇಲೆ ಅವರು ನಿಧಾನವಾಗಿ ಬದಲಾದರು. ಸಿಟ್ಟು ಬಂದಾಗ ಪ್ರಭೆಯಲ್ಲಿ ಕೆಂಪು ಕಲೆ ಬೀಳುತ್ತದೆ, ಕಣ್ಣುಳ್ಳವರಿಗೆ ಅದು ಶರಟಿನ ಮೇಲೆ ಎಲೆಯಡಿಕೆ ಉಗುಳಿದಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅವರ ಮನಸ್ಸಿಗೆ ನಾಟಿಬಿಟ್ಟಿತ್ತು. ಇಸ್ತ್ರಿ ಮಾಡದ ಅಂಗಿ ಹಾಕದ ಮನುಷ್ಯ. ಕಲೆಬಿದ್ದ ಪ್ರಭೆಯನ್ನು ಹೊತ್ತುಕೊಂಡು ಗಾಂಧಿ ಬಜಾರಿನಲ್ಲಿ ಓಡಾಡುವುದು ಹೇಗೆ? ಸಿಟ್ಟು ಏರುವ ಹೊತ್ತಿಗೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಬಾಳೆಗಿಡಗಳ ಎದುರು ನಿಂತು, ಪ್ರಭೆ ತಿಳಿಯಾಗುವ ತನಕ ಕಾದು, ಒಳಗೆ ಬರುತ್ತಿದ್ದರು.

ರಾಂಪಾನ ಜಾತಕ ನನಗೆ ಗೊತ್ತಾದದ್ದು ಕಾಲೇಜಿನ ದಿನಗಳಲ್ಲಿ. ಆ ವಯಸ್ಸಿನಲ್ಲಿ ಸತ್ಯ ಗೊತ್ತಾದರೆ ಯಾರಿಗಾದರೂ ಹೇಳದೆ ಇರಲಾಗುವುದಿಲ್ಲ. ಮಾವನಿಗೆ ಹೇಳುವ ಧೈರ್ಯ ಸಾಲದೆ ಮೊದಲು ಅತ್ತೆಗೆ ಹೇಳಿದೆ. ಅತ್ತೆ ಅವರೆಕಾಳು ಹಿಚುಕುತ್ತಿದ್ದವರು ತಲೆಯೆತ್ತದೆ ಕೇಳಿಸಿಕೊಂಡರು.

"ಹಂಗಾದ್ರೆ ಅವ್ನು ಲಾಮಾ ಅಲ್ವಾ?"

"ಅಲ್ಲ ಅತ್ತೆ, ಪ್ಲಂಬರ್ ಮಗ."

"ಅಲ್ಲ ಕಣೋ, ನಮ್ಮನೇಲಿ ಮೂರು ತಲೆಮಾರಿಂದ ಒಳ್ಳೊಳ್ಳೇ ಮನೆತನದ ಸ್ವಾಮಿಗಳು ಬಂದು ಪಾದಪೂಜೆ ಮಾಡಿಸ್ಕೊಂಡು ಹೋಗಿದಾರೆ. ಇವ್ರ ತಟ್ಟೆ ನಿಲ್ಸೋಕೆ ಒಬ್ರ ಕೈಲೂ ಆಗಿರ್ಲಿಲ್ಲ. ಸೋರೋದು ನಿಲ್ಸೋದೇ ಅಲ್ವಾ ಪ್ಲಂಬರ್ ಕೆಲಸ?"

ಅತ್ತೆಯ ವಾದ ಗಟ್ಟಿಯಾದದ್ದು. ಅದೇ ವಾದವನ್ನು ದೊಡ್ಡ ವಿದ್ವಾಂಸರ ಅನುಭವವೂ ಬೇರೆ ದಾರಿಯಿಂದ ಬಂದು ಮುಟ್ಟುತ್ತದೆ. ಟಿಬೆಟಿನ ಬೌದ್ಧಧರ್ಮವನ್ನು ಅಧ್ಯಯನ ಮಾಡಿದ ಅಮೆರಿಕದ ಡೊನಾಲ್ಡ್ ಲೋಪೆಜ್ 1998ರ ತಮ್ಮ ಪುಸ್ತಕದಲ್ಲಿ ರಾಂಪಾನಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಮಿಷಿಗನ್ ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿಗಳಿಗೆ ಅವರು ಲೇಖಕನ ಹಿನ್ನೆಲೆ ಹೇಳದೆ ಈ ಪುಸ್ತಕ ಓದಿಸಿದರಂತೆ. ಟಿಬೆಟಿನ ಬಗ್ಗೆ ತಾವು ಓದಿದ್ದರಲ್ಲೆಲ್ಲ ನಂಬುವಂತಿರುವುದು ಇದೇ ಎಂದು ಹುಡುಗರು ಮೆಚ್ಚಿಕೊಂಡರು. ಅದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಯುರೋಪಿನ ಹಲವು ಟಿಬೆಟ್ ತಜ್ಞರು ತಾವು ಈ ವಿದ್ಯೆಯ ಕಡೆಗೆ ಮೊದಲು ತಿರುಗಿದ್ದೇ ಹುಡುಗರಾಗಿದ್ದಾಗ ಈ ಪುಸ್ತಕ ಓದಿ ಎಂದು ಲೋಪೆಜ್ ಬಳಿ ಒಪ್ಪಿಕೊಂಡರಂತೆ. ಸುಳ್ಳು ಲಾಮಾನ ಕೈಹಿಡಿದು ಹೊರಟು ನಿಜವಾದ ಟಿಬೆಟಿ ವ್ಯಾಕರಣಕ್ಕೆ ಬಂದು ತಲುಪಿದವರು ಅವರು.

ಸಿಟ್ಟು ಮಾಡಿಕೊಂಡವರೂ ಇದ್ದಾರೆ. 1974ರಲ್ಲಿ ಅಗೇಹಾನಂದ ಭಾರತಿ ಎಂಬ ಸ್ವಾಮಿಗಳು ರಾಂಪಾ ಮತ ಎಂಬುದೊಂದು ರೋಗವೇ ಹರಡಿದೆಯೆಂದು ಲೇಖನ ಬರೆದು ಜಾಡಿಸಿದರು. ಈ ಭಾರತಿಯವರೂ ಹುಟ್ಟಿನಿಂದ ವಿಯೆನ್ನಾದ ಲಿಯೋಪೋಲ್ಡ್ ಫಿಷರ್. ಹೆಸರು ಬದಲಾಯಿಸಿಕೊಂಡದ್ದು ಇಬ್ಬರೂ. ವ್ಯತ್ಯಾಸ ಇಷ್ಟೇ, ಭಾರತಿ ನಮ್ಮ ದೇಶಕ್ಕೆ ಬಂದು ದಶನಾಮಿ ಸಂಪ್ರದಾಯದಲ್ಲಿ ಸಂನ್ಯಾಸ ತೆಗೆದುಕೊಂಡು, ಬಿಸಿಲಲ್ಲಿ ನಡೆದು, ಸಂಸ್ಕೃತ ಕಲಿತಿದ್ದರು. ಕಷ್ಟಪಟ್ಟು ಪಾಸಾದವನಿಗೆ ನಕಲು ಹೊಡೆದವನ ಮೇಲೆ ಬರುವ ಸಿಟ್ಟೇ ಬೇರೆ.

ಬರೆದವನ ಹೆಸರು ಸುಳ್ಳಾದರೆ ಬರೆದದ್ದಕ್ಕೂ ಬೆಲೆ ಹೋಗುತ್ತದೆ ಎನ್ನುವುದಾದರೆ ಕನ್ನಡಿಗರು ಮೊದಲು ಬರಿಗೈಯಾಗಬೇಕಾಗುತ್ತದೆ. ಸರ್ವಜ್ಞನ ತ್ರಿಪದಿಗಳನ್ನೇ ನೋಡಿ. ಉತ್ತಂಗಿ ಚನ್ನಪ್ಪನವರು, ಅವರು ಕ್ರೈಸ್ತ ಪಾದ್ರಿಗಳು, ಊರೂರು ಅಲೆದು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದ ಆ ರಾಶಿಯಲ್ಲಿ ಒಬ್ಬನದೇ ಎಷ್ಟು, ಊರವರದೆಷ್ಟು ಎಂದು ಬಿಡಿಸಿ ಹೇಳುವುದು ಯಾರಿಂದ ಸಾಧ್ಯ? ಕೊನೆಗೆ ಆ ಹೆಸರು ಸೇರಿಸಿದರೆ ಸಾಕು, ಮೊನ್ನೆ ಕಟ್ಟಿದ್ದೂ ನೂರಾರು ವರ್ಷದ್ದಾಗುತ್ತದೆ. ವಚನಗಳಿಗೂ ಈ ಕಾಟ ತಪ್ಪಿದ್ದಲ್ಲ. ಅಂಕಿತ ಒಂದೇ ಇದ್ದು ಬರೆದ ಕೈ ಬೇರೆಯಾಗಿರುವ ವಚನಗಳನ್ನು ಹೆಕ್ಕಿ ತೆಗೆಯುವುದರಲ್ಲಿ ನಮ್ಮ ಸಂಪಾದಕರು ಕಣ್ಣು ಸವೆಸಿಕೊಂಡಿದ್ದಾರೆ. ಇನ್ನು 'ಶೂನ್ಯಸಂಪಾದನೆ'. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಒಂದರ ಪಕ್ಕ ಒಂದಿಟ್ಟು, ನಡುವೆ ತಮ್ಮ ಮಾತು ಹೊಸೆದು, ಸಂವಾದವಾಗಿ ಕಟ್ಟಿದರು. ಆಮೇಲೆ ಬಂದ ಮೂವರು ಅದನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತಂದು ಸೇರಿಸಿದರು. ಅಲ್ಲಮ ಅಕ್ಕನನ್ನು ಕಟಕಟೆಗೆ ನಿಲ್ಲಿಸಿದ ಹಾಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವ ಆ ದೃಶ್ಯ ನಮ್ಮ ಕಣ್ಣಿಗೆ ಕಟ್ಟಿದ್ದು ಸಂಪಾದಕರ ಕೈಚಳಕದಿಂದ. ಕಲ್ಯಾಣದಲ್ಲಿ ಆ ದಿನ ಪಕ್ಕದಲ್ಲಿ ಕೂತು ಬರೆದುಕೊಂಡವರು ಯಾರೂ ಇರಲಿಲ್ಲ.

ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಗೋರಕ್ಷನಿಗೂ ಅಲ್ಲಮನಿಗೂ ನಡೆದ ಪಂದ್ಯ ಇದೆಯಲ್ಲ, ಅದೂ ಹೀಗೆಯೇ. ಗೋರಕ್ಷನ ವಜ್ರಕಾಯಕ್ಕೆ ಕತ್ತಿ ಬೀಸಿದರೆ ಖಣಿಲೆನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಆಚೆ ಹೋಗುತ್ತದೆ. ಇದು ನಡೆಯಿತೇ ಎಂದು ಯಾರಾದರೂ ಕೇಳಿದರೆ ಅವರಿಗೆ ಕಾಫಿ ಕೊಟ್ಟು ಕಳಿಸುವುದು ಉತ್ತಮ. ಡಿ.ವಿ.ಜಿ. 1943ರಲ್ಲಿ 'ಮಂಕುತಿಮ್ಮನ ಕಗ್ಗ' ಪ್ರಕಟಿಸಿದಾಗಲೂ ತಿಮ್ಮನ ಊರು ಕೇರಿ ವಿಚಾರಿಸಲು ಯಾರೂ ಪತ್ತೇದಾರರನ್ನು ಅಟ್ಟಲಿಲ್ಲ.

ಹಾಗಾದರೆ ರಾಂಪಾನ ತಪ್ಪೇನು? ನನಗೆ ಬಹಳ ಕಾಲ ತೋಚಿದ ಉತ್ತರ ಇದು. ನಮ್ಮ ಹಳಬರು ತಮ್ಮ ಮಾತನ್ನು ದೊಡ್ಡವರ ಹೆಸರಿಗೆ ಬರೆದುಕೊಟ್ಟು ತಾವು ಮರೆಯಾದರು. ವ್ಯಾಸರ ಹೆಸರಿನಲ್ಲಿ ಪುರಾಣ ಬರೆದವನ ಮನೆಗೆ ಗೌರವಧನ ಬರಲಿಲ್ಲ, ಅವನ ಫೋಟೋ ಎಲ್ಲೂ ಬರಲಿಲ್ಲ. ಸರ್ವಜ್ಞನ ಖಾತೆಗೆ ಒಂದು ತ್ರಿಪದಿ ಜಮಾ ಮಾಡಿದವನು ತಾನು ಖಾಲಿ ಕೈಯಲ್ಲಿ ಮನೆಗೆ ಹೋದ. ಈಗಿನವರ ವಹಿವಾಟು ತಿರುಗುಮುರುಗು. ದೊಡ್ಡವರ ಹೆಸರಿನಿಂದ ಹಿಂತೆಗೆದು ತಮ್ಮ ಖಾತೆಗೆ ಹಾಕಿಕೊಳ್ಳುತ್ತಾರೆ. ಈ ಉತ್ತರ ಕೇಳಲು ಚೆನ್ನಾಗಿದೆ, ಪೂರ್ತಿ ನಿಲ್ಲುವುದಿಲ್ಲ. 'ಏಜೂರ್ವೇದಂ' ಎಂಬ ಗ್ರಂಥ ಇದಕ್ಕೆ ಅಡ್ಡಬರುತ್ತದೆ. ವಿಗ್ರಹಾರಾಧನೆಯನ್ನು ಋಷಿಗಳ ಬಾಯಿಂದಲೇ ಬೈಯಿಸುವ ಅದನ್ನು ಬರೆದವರು ಪಾಂಡಿಚೇರಿಯ ಜೆಸೂಟ್ ಪಾದ್ರಿಗಳ ಕಡೆಯವರು. ಬರೆದವನು ತನ್ನ ಹೆಸರು ಹಾಕಿಕೊಳ್ಳಲಿಲ್ಲ, ಪೂರ್ತಿ ಮರೆಯಾದ. ಆದರೆ ಉದ್ದೇಶ ನಿಸ್ವಾರ್ಥದ್ದೆನ್ನಲು ಬಾಯಿ ಬರುವುದಿಲ್ಲ. ವಿಧಿಯ ಆಟ ನೋಡಿ, ಅದು ಹೋಗಿ ಬಿದ್ದದ್ದು ಪಾದ್ರಿಗಳ ಕಡುವೈರಿ ವೋಲ್ಟೇರನ ಕೈಗೆ. ಬೈಬಲ್ಲಿಗಿಂತ ಹಳೆಯ ಜ್ಞಾನ ಭಾರತದಲ್ಲಿತ್ತು ಎಂಬುದಕ್ಕೆ ಇದೇ ಸಾಕ್ಷಿ ಎಂದು ಅವನು ಹಿಗ್ಗಿ, 1761ರಲ್ಲಿ ಫ್ರಾನ್ಸಿನ ರಾಜನ ಗ್ರಂಥಾಲಯಕ್ಕೆ ಕೊಟ್ಟ. ಪಾದ್ರಿಗಳು ಹೂಡಿದ ಬಾಣ ಪಾದ್ರಿಗಳಿಗೇ ತಿರುಗಿತು.

ಈ ಪ್ರಶ್ನೆಯನ್ನು ನಿಜವಾದ ಟಿಬೆಟಿನವರು ಹೇಗೆ ಬಗೆಹರಿಸಿಕೊಂಡಿದ್ದಾರೆ? ಅದಕ್ಕೆ ಲಾಸಾಕ್ಕೆ ಹೋಗಬೇಕಿಲ್ಲ, ಬೈಲುಕುಪ್ಪೆಗೆ ಹೋದರೆ ಸಾಕು. 1960ರ ದಶಕದ ಆರಂಭದಿಂದ ಅವರು ನಮ್ಮ ನೆರೆಯವರು. ಯಾವ ಲಾಮಾನ ಹಣೆಯಲ್ಲೂ ತೂತಿಲ್ಲ, ನಾನು ನೋಡಿದ್ದೇನೆ. ಮಧ್ಯಾಹ್ನದ ಹೊತ್ತು ಮಠದ ಅಂಗಳದಲ್ಲಿ ಹುಡುಗ ಭಿಕ್ಷುಗಳು ತರ್ಕಕ್ಕೆ ನಿಂತು, ಒಂದೊಂದು ಪ್ರಶ್ನೆಗೂ ಕಾಲು ನೆಲಕ್ಕೆ ಬಡಿದು, ಎರಡು ಕೈ ಚಟಾರೆಂದು ತಟ್ಟಿ, ಕೂತವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ರಾಂಪಾನ ಪುಸ್ತಕದ ಯಾವ ಗಾಳಿಪಟಕ್ಕಿಂತಲೂ ನನಗೆ ಅದೇ ಸೊಗಸು.

ಅಲ್ಲಿನ ಚಿನ್ನದ ದೇವಾಲಯವೆಂದು ಪ್ರವಾಸಿಗರು ಕರೆಯುವ ನಾಮ್‌ಡ್ರೋಲಿಂಗ್ ಮಠದಲ್ಲಿ ಮೂರು ಭಾರಿ ಮೂರ್ತಿಗಳಿವೆ. ಬುದ್ಧನ ಪಕ್ಕದಲ್ಲಿ ಒಂದು ಪದ್ಮಸಂಭವನದು. ಈ ಗುರು ಎಂಟನೆಯ ಶತಮಾನದಲ್ಲಿ ಟಿಬೆಟಿಗೆ ಹೋಗಿ, ಮುಂದಿನವರಿಗೆ ಬೇಕಾಗುವ ಉಪದೇಶಗಳನ್ನು ಬಂಡೆ, ಗುಹೆ, ಕೆರೆಗಳಲ್ಲಿ ನಿಧಿಯಾಗಿ ಬಚ್ಚಿಟ್ಟನೆಂದು ನಂಬಿಕೆ. ಕಾಲ ಬಂದಾಗ ಯೋಗ್ಯನೊಬ್ಬ ಹುಟ್ಟಿ ಅದನ್ನು ತೆಗೆಯುತ್ತಾನೆ. ಕೆಲವು ನಿಧಿಗಳು ಬಂಡೆಯಲ್ಲೂ ಇರುವುದಿಲ್ಲ, ತೆಗೆಯುವವನ ಮನಸ್ಸಿನಲ್ಲೇ ಇರುತ್ತವೆ! ಸತ್ತವನ ಕಿವಿಯಲ್ಲಿ ಓದುವ ಪ್ರಸಿದ್ಧ ಗ್ರಂಥ ಸಿಕ್ಕಿದ್ದೂ ಹೀಗೆ, ಹದಿನಾಲ್ಕನೆಯ ಶತಮಾನದಲ್ಲಿ ಕರ್ಮ ಲಿಂಗಪಾ ಎಂಬವನಿಗೆ. ಇದೆಲ್ಲ ತೆಗೆದವನೇ ಬರೆದದ್ದು ಎಂದು ಗೇಲಿ ಮಾಡಿದವರು ಟಿಬೆಟಿನೊಳಗೇ ಇದ್ದರು. ಜಗಳ ಶತಮಾನಗಟ್ಟಲೆ ನಡೆಯಿತು, ಮುಗಿದಂತೆ ಕಾಣುವುದಿಲ್ಲ. ಬೌದ್ಧರಲ್ಲಿ ಇನ್ನೊಂದು ಉದಾರ ನಿಲುವೂ ಇದೆ. ಚೆನ್ನಾಗಿ ಆಡಿದ ಮಾತು ಯಾವುದಿದ್ದರೂ ಅದು ಬುದ್ಧನದೇ ಎಂಬುದು ಅದರ ತಾತ್ಪರ್ಯ. ಬುದ್ಧ ತೀರಿಕೊಂಡು ಎಷ್ಟೋ ಕಾಲದ ಮೇಲೆ ಹುಟ್ಟಿದ ಮಹಾಯಾನ ಸೂತ್ರಗಳಿಗೆ ಈ ನಿಲುವು ಅನ್ನ ಹಾಕಿದೆ. ಅತ್ತೆ ಅವರೆಕಾಳು ಹಿಚುಕುತ್ತ ಹೇಳಿದ್ದೂ ಹೆಚ್ಚುಕಡಿಮೆ ಇದೇ.

ಆದರೆ ಮಾವ ಹೇಳಿದ್ದು ಇನ್ನೊಂದು ಇದೆ. ಅದು ನನ್ನನ್ನು ಈ ಉದಾರ ನಿಲುವಿನಲ್ಲಿ ಹಾಯಾಗಿ ಕೂರಲು ಬಿಡಲಿಲ್ಲ.

ಕೊನೆಗೂ ಮಾವನಿಗೆ ವಿಷಯ ತಿಳಿಸಿದ್ದು ಅವರು ನಿವೃತ್ತರಾದ ಮೇಲೆ. ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದರು. ಪತ್ತೇದಾರ, ಪ್ಲಿಂಪ್ಟನ್, ಗೂಬೆ ಎಲ್ಲವನ್ನೂ ಕೇಳಿಸಿಕೊಂಡು, "ಪಾಠದಲ್ಲಿ ಯಾವ್ದು ಸುಳ್ಳು ಹೇಳು. ಸಿಟ್ಟು ಮಾಡ್ಕೋಬೇಡ ಅನ್ನೋದಾ?" ಎಂದರು.

"ಅದಲ್ಲ ಮಾವ. ಮೈ ಬಿಟ್ಟು ಹೊರಗೆ ಹೋಗ್ತೀನಿ, ಊರೆಲ್ಲ ಸುತ್ತಾಡಿ ಬರ್ತೀನಿ ಅಂತಾನಲ್ಲ, ಅದು."

ಮಾವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದೊಂದು ನಂಗೆ ಬರ್ಲೇ ಇಲ್ಲ ಕಣೋ" ಎಂದರು. "ದಿನಾ ರಾತ್ರಿ ಮಲ್ಗಿದಾಗ ಪ್ರಯತ್ನ ಮಾಡ್ತಿದ್ದೆ. ನಿಮ್ಮತ್ತೇಗೂ ಹೇಳಿಲ್ಲ. ಆಗ್ಲಿಲ್ಲ. ನನ್ನಲ್ಲೇ ಏನೋ ಕೊಳೆ ಇರ್ಬೇಕು, ಅದಕ್ಕೇ ಆಗ್ತಿಲ್ಲ ಅಂದ್ಕೊಂಡಿದ್ದೆ."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ರಾಂಪಾ ತಾನು ಹೋಗದ ಊರಿನ ದಾರಿಯನ್ನು ಅಧ್ಯಾಯ ಅಧ್ಯಾಯವಾಗಿ ಹೇಳಿಕೊಟ್ಟಿದ್ದ. ದಾರಿ ಸಿಗದಿದ್ದಾಗ ಮಾವ ದೋಷ ಹುಡುಕಿದ್ದು ನಕ್ಷೆಯಲ್ಲಲ್ಲ, ತಮ್ಮ ಕಾಲಿನಲ್ಲಿ. ಪುಸ್ತಕ ಓದಿ ಸಿಟ್ಟು ಬಿಟ್ಟದ್ದಕ್ಕೆ ನಾವು ರಾಂಪಾನಿಗೆ ಜಮಾ ಕೊಟ್ಟರೆ, ಒಬ್ಬ ಪ್ರಾಮಾಣಿಕ ಮನುಷ್ಯ ವರ್ಷಗಟ್ಟಲೆ ಕತ್ತಲಲ್ಲಿ ಮಲಗಿ ತನ್ನನ್ನೇ ಅಪರಾಧಿ ಎಂದುಕೊಂಡದ್ದನ್ನೂ ಅವನ ಲೆಕ್ಕಕ್ಕೇ ಹಚ್ಚಬೇಕು.

ಉಪದೇಶಕ್ಕೆ ಸಾಕ್ಷಿ ಬೇಡ. ಸಿಟ್ಟು ಕೆಟ್ಟದ್ದು ಎನ್ನಲು ಹಣೆಗಣ್ಣು ಬೇಕಿಲ್ಲ, ಅದನ್ನು ಪ್ಲಂಬರ್ ಹೇಳಿದರೂ ಅಷ್ಟೇ, ಪರಮಹಂಸ ಹೇಳಿದರೂ ಅಷ್ಟೇ. ಆದರೆ ನಾನು ಕಂಡೆ, ನನಗೆ ಆಯಿತು, ಹೀಗೆ ಮಾಡಿದರೆ ನಿನಗೂ ಆಗುತ್ತದೆ ಎಂದು ಶುರುಮಾಡಿದವನು ಸಾಕ್ಷಿಕಟ್ಟೆ ಹತ್ತಿದ ಹಾಗೆ. ಅಲ್ಲಿ ಕಟ್ಟುಕತೆ ಹೇಳಿದರೆ ಬೇರೆ ಹೆಸರಿದೆ. ಅಲ್ಲಮನ ಮೈಯಲ್ಲಿ ಕತ್ತಿ ಹಾದುಹೋಯಿತು ಎಂದ ಚಾಮರಸ ನಮಗೆ ಕತ್ತಿ ಕೊಟ್ಟು ನೀವೂ ಬೀಸಿ ನೋಡಿ ಎನ್ನಲಿಲ್ಲ.

ಯಂತ್ರಗಳ ವಿಷಯದಲ್ಲಾದರೆ ಈ ಗೊಂದಲ ಬೇಗ ತೀರುತ್ತದೆ. ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ ಬಂದ 'ವೈಮಾನಿಕ ಶಾಸ್ತ್ರ' ಭರದ್ವಾಜ ಮಹರ್ಷಿಗಳದೆಂದು ಪ್ರಚಾರವಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಓದಿ, ಲೆಕ್ಕ ಹಾಕಿ, ಇದು 1904ಕ್ಕಿಂತ ಹಿಂದಿನದಲ್ಲ, ಇದರ ವಿಮಾನಗಳು ನೆಲ ಬಿಡುವುದಿಲ್ಲ ಎಂದು ಬರೆದುಕೊಟ್ಟರು. ಋಷಿ ಹೇಳಿದರೂ ರೆಕ್ಕೆಗೆ ಗಾಳಿ ಸಿಗಬೇಕು. ಮಾವನ ಸೂಕ್ಷ್ಮ ಶರೀರಕ್ಕೆ ಅಂಥ ಪರೀಕ್ಷೆ ಎಲ್ಲಿದೆ? ಅದು ಹಾರಲಿಲ್ಲವೆಂದರೆ ತಪ್ಪು ಯಾವಾಗಲೂ ಪೈಲಟ್ಟನದೇ.

ಮಾವನದು ಸಣ್ಣ ನಷ್ಟ. ಇದೇ ಸರಕು ದೊಡ್ಡ ಗಾತ್ರಕ್ಕೆ ಬೆಳೆದರೆ ಏನಾಗುತ್ತದೆ ಎಂದು ನೋಡಲು ಕಾರ್ಲೋಸ್ ಕ್ಯಾಸ್ಟನೇಡನ ಹತ್ತಿರ ಹೋಗಬೇಕು. 1968ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನವೇ ಹೊರತಂದ ಅವನ ಮೊದಲ ಪುಸ್ತಕದಲ್ಲಿ ಡಾನ್ ವಾನ್ ಎಂಬ ಯಾಕಿ ಬುಡಕಟ್ಟಿನ ಮುದುಕ ಮಾಂತ್ರಿಕ ಅವನಿಗೆ ಗುರುವಾಗಿ ಸಿಗುತ್ತಾನೆ. ಮರುಭೂಮಿ, ಮದ್ದಿನ ಗಿಡಗಳು, ಬೇರೆಯೇ ಒಂದು ಲೋಕದ ಬಾಗಿಲು. ಪುಸ್ತಕಗಳು ಲಕ್ಷಗಟ್ಟಲೆ ಮಾರಿದವು. 1973ರಲ್ಲಿ 'ಟೈಮ್' ಪತ್ರಿಕೆ ಮುಖಪುಟದಲ್ಲಿ ಹಾಕಿತು. ಅದೇ ವರ್ಷ ವಿಶ್ವವಿದ್ಯಾಲಯ ಮಾನವಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಕೊಟ್ಟಿತು. ಆ ಮುದುಕನನ್ನು ಬೇರೆ ಯಾರೂ ಕಂಡಿರಲಿಲ್ಲ ಎಂಬುದು ಆಗ ಹೆಚ್ಚಿನವರಿಗೆ ಅಡ್ಡಿಯೆನಿಸಲಿಲ್ಲ. 1976ರಲ್ಲಿ ರಿಚರ್ಡ್ ಡಿ ಮಿಲ್ ಎಂಬವನು ಪುಸ್ತಕಗಳ ಒಳಗಿನ ತಾರೀಖುಗಳನ್ನೇ ಒಂದಕ್ಕೊಂದು ತಾಳೆ ಹಾಕಿ, ಒಂದರ ಕಾಲ ಇನ್ನೊಂದಕ್ಕೆ ಹೊಂದುವುದಿಲ್ಲವೆಂದು ತೋರಿಸಿದ.

ಕತೆಯಾಗಿ ಅವು ಚೆನ್ನಾಗಿವೆ. ಕೆಲವು ಪುಟಗಳು ಬಹಳ ಚೆನ್ನಾಗಿವೆ. ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೋ ಪಾಸ್ ಸ್ಪ್ಯಾನಿಷ್ ಆವೃತ್ತಿಗೆ ಮುನ್ನುಡಿ ಬರೆಯುವಾಗ, ಇದು ನಡೆದದ್ದೋ ಕಟ್ಟಿದ್ದೋ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟೇ ಮೆಚ್ಚಿಕೊಂಡ. ಪಾಸ್ ಕವಿ, ಅವನಿಗೆ ಸಲ್ಲುತ್ತದೆ. ಆದರೆ ಯಾಕಿಗಳು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆಕ್ಸಿಕೋ ಸರಕಾರ ಅವರನ್ನು ಸಾವಿರಗಟ್ಟಲೆ ಹಿಡಿದು, ನೆಲದಿಂದ ಕಿತ್ತು, ದೂರದ ಯುಕಟಾನಿನ ಕತ್ತಾಳೆ ತೋಟಗಳಿಗೆ ಜೀತಕ್ಕೆ ಸಾಗಿಸಿತ್ತು. ಈ ಸಂಗತಿ ಗೊತ್ತಿಲ್ಲದ ಲಕ್ಷಾಂತರ ಜನರಿಗೆ ಯಾಕಿ ಎಂದರೆ ಇಂದಿಗೂ ಡಾನ್ ವಾನ್. ಪುಸ್ತಕದಲ್ಲಿ ಅವನು ಶಿಷ್ಯನಿಗೆ ಕೊಡುವ ಪೆಯೋಟೆ ಕಳ್ಳಿ ಯಾಕಿಗಳ ಸಂಪ್ರದಾಯದಲ್ಲೇ ಇಲ್ಲ. ಇಲ್ಲದ ಆಚಾರ ಒಂದು ಜನಾಂಗದ ಗುರುತಾಗಿ ಅಂಟಿಕೊಂಡಿತು.

ಇನ್ನೂ ಕಷ್ಟದ ಭಾಗ ಆಮೇಲಿನದು. ಕ್ಯಾಸ್ಟನೇಡ ಬರೆಯುವುದಷ್ಟೇ ಮಾಡಲಿಲ್ಲ, ಗುರುವಾದ. ಸುತ್ತ ಒಂದು ಬಳಗ ಬೆಳೆಯಿತು. ಮನೆಯವರ ನಂಟು ಕಡಿದುಕೊಳ್ಳಬೇಕು, ಹಳೆಯ ಹೆಸರು ಬಿಡಬೇಕು, ಕಡೆಗೆ ಗುರುವಿನ ಜೊತೆ ಸಾವಿಲ್ಲದೆ ಇನ್ನೊಂದು ಲೋಕಕ್ಕೆ ದಾಟಬೇಕು. 1998ರ ಏಪ್ರಿಲ್‌ನಲ್ಲಿ ಅವನು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡದ್ದು ಯಾವ ಲೋಕಕ್ಕೂ ದಾಟದೆ, ಎಲ್ಲರಂತೆ ಕಾಯಿಲೆಯಿಂದ. ಆ ದಿನಗಳಲ್ಲೇ ಅವನ ಹತ್ತಿರದ ಐವರು ಹೆಂಗಸರು ಕಾಣೆಯಾದರು. 2003ರಲ್ಲಿ ಡೆತ್ ವ್ಯಾಲಿ ಮರುಭೂಮಿಯಲ್ಲಿ ಸಿಕ್ಕ ಅಸ್ಥಿಪಂಜರ ಅವರಲ್ಲೊಬ್ಬಳದೆಂದು ಡಿಎನ್‌ಎ ಪರೀಕ್ಷೆಯಿಂದ ಗೊತ್ತಾದದ್ದು 2006ರಲ್ಲಿ. ಮಿಕ್ಕವರ ಸುಳಿವು ಸಿಕ್ಕಿಲ್ಲ. ಮುದುಕ ಮಾಂತ್ರಿಕ ಇದ್ದನೋ ಇಲ್ಲವೋ ಎಂಬುದು ಸಾಹಿತ್ಯದ ಪ್ರಶ್ನೆ ಎಂದು ಆ ಹೆಣ್ಣುಮಕ್ಕಳ ತಾಯಂದಿರ ಎದುರು ಕೂತು ಹೇಳಲು ನನಗೆ ನಾಲಿಗೆ ಹೊರಳುವುದಿಲ್ಲ.

ಇವನ ಪಕ್ಕದಲ್ಲಿ ನಿಲ್ಲಿಸಿದರೆ ರಾಂಪಾ ಪಾಪದವನು. 1981ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಸಾಯುವ ತನಕ ತನ್ನ ಕತೆ ಬದಲಾಯಿಸಲಿಲ್ಲ. ಬೆಕ್ಕುಗಳನ್ನು ಬಹಳ ಪ್ರೀತಿಸುತ್ತಿದ್ದ. ಎಷ್ಟೆಂದರೆ 1964ರಲ್ಲಿ ಬಂದ 'ಲಿವಿಂಗ್ ವಿತ್ ದಿ ಲಾಮಾ' ತನ್ನದಲ್ಲ, ತಾನು ಸಾಕಿದ ಫಿಫಿ ಎಂಬ ಸಿಯಾಮಿ ಬೆಕ್ಕು ಮನಸ್ಸಿನಿಂದ ಮನಸ್ಸಿಗೆ ಹೇಳಿ ಬರೆಸಿದ್ದು ಎಂದುಬಿಟ್ಟ. ಹಿಂದೆ ಪತ್ತೇದಾರನನ್ನು ಹಿಡಿದಿದ್ದ ತಜ್ಞರು ಈ ಬಾರಿ ತೆಪ್ಪಗಿದ್ದರು.

ಆ ಪುಸ್ತಕವೂ ಒಂದು ದಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕಿತು. ಹಿತ್ತಿಲ ಕಟ್ಟೆಯ ಮಾತುಕತೆ ಆಗಿ ಎಷ್ಟೋ ಕಾಲವಾಗಿತ್ತು. ಬೇಜಾರು ಮಾಡಿಕೊಳ್ಳುತ್ತಾರೋ ಏನೋ ಎಂಬ ಅಳುಕಿನಲ್ಲೇ ಶಿವಮೊಗ್ಗಕ್ಕೆ ಒಯ್ದೆ. ಮಾವ ಖುಷಿಯಿಂದ ಇಸಿದುಕೊಂಡು, ಕನ್ನಡಕ ಏರಿಸಿ, ರಾತ್ರಿಯೆಲ್ಲ ಕೂತು ಓದಿದರು. ಆ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಬೆಕ್ಕುಗಳು ಬಾಣಂತನಕ್ಕೆ ಬಂದು ಹೋಗುತ್ತಿದ್ದವು. ಒಂದು ಆ ಹೊತ್ತಿಗೂ ಹಾಲು ಕುಡಿದು, ಅವರ ಕಡೆ ಕಣ್ಣೆತ್ತಿಯೂ ನೋಡದೆ, ಬೆನ್ನು ಹಾಕಿ ಕೂತಿತ್ತು. ಬೆಳಿಗ್ಗೆ ಪುಸ್ತಕ ನನ್ನ ಕೈಗೆ ವಾಪಸು ಕೊಟ್ಟರು.

"ಇದು ಮಾತ್ರ ಸುಳ್ಳು ಕಣೋ. ಬೆಕ್ಕು ಸಾಕಿದವರನ್ನ ಇಷ್ಟೊಂದು ಹೊಗಳಲ್ಲ."